ನೂರು ಗಜದ ಆಚೆ

ನಮ್ಮ ಶಾಲೆಯ ಗೇಟಿನ ಪಕ್ಕದ ಗೋಡೆಗೆ ಹಳದಿ ಬಣ್ಣ ಬಳಿಸಿ ಒಂದು ಬರಹ ಬರೆಸಿದ್ದೇವೆ. ಶಾಲೆಯಿಂದ 100 ಗಜದ ಒಳಗೆ ತಂಬಾಕು ಪದಾರ್ಥ ಮಾರುವುದು ನಿಷೇಧ, ತಪ್ಪಿದರೆ ದಂಡ ಎಂದು. 2003ರ ಕಾಯಿದೆಯ ಮಾತು ಅದು. ಎಲ್ಲ ಶಾಲೆಗಳ ಮುಂದೆಯೂ ಇರಬೇಕು. ಬರೆಯಲು ಬಂದ ಹುಡುಗ 'ನಿಶೇದ' ಎಂದು ಬರೆದುಬಿಟ್ಟಿದ್ದ. ಬಿಸಿಲಿನಲ್ಲಿ ನಿಂತು ಅದನ್ನು ತಿದ್ದಿಸಿದವಳು ನಾನೇ. ಕನ್ನಡ ಪಾಠ ಹೇಳುವವರ ಹಣೆಬರಹ ನೋಡಿ, ಅರ್ಥಕ್ಕಿಂತ ಮೊದಲು ಅಕ್ಷರದ ತಪ್ಪು ಕಣ್ಣಿಗೆ ಬೀಳುತ್ತದೆ.

ಆ ಗೋಡೆಯ ಹಿಂದೆ, ಗೋಡೆಗೆ ಒರಗಿಕೊಂಡೇ ಇದೆಯೇನೋ ಎನ್ನುವಷ್ಟು ಹತ್ತಿರದಲ್ಲಿ, ಹೊಗೆಸೊಪ್ಪಿನ ಹೊಲ. ಜೂನ್ ತಿಂಗಳಲ್ಲಿ ಮಂಡಿಯುದ್ದ ಇರುತ್ತದೆ, ಜುಲೈ ಕಳೆಯುವಷ್ಟರಲ್ಲಿ ಎದೆಯುದ್ದ. ಹಳದಿ ಗೋಡೆಯ ಬಣ್ಣ ಇನ್ನೂ ಆರಿರಲಿಲ್ಲ, ಏಳನೆಯ ತರಗತಿಯ ಒಬ್ಬ ಹುಡುಗ ಎದ್ದು ನಿಂತು ಕೇಳಿದ: "ಮಿಸ್, ನೂರು ಗಜ ಅಂದ್ರೆ ನಮ್ ಹೊಲದಲ್ಲಿ ಎಷ್ಟನೇ ಸಾಲು ಗಂಟ ಬತ್ತದೆ?"

ಮಕ್ಕಳೆಲ್ಲ ಗೊಳ್ಳೆಂದರು. "ಮಾರೋದಕ್ಕೆ ಕಣೋ ಅದು, ಬೆಳೆಯೋದಕ್ಕಲ್ಲ" ಎಂದೆ. "ಮಾರ್ದೆ ಇದ್ರೆ ಯಾಕ್ ಬೆಳೀತಾರೆ ಮಿಸ್?" ಎಂದ. ಕೂತುಕೋ ಎಂದೆ. ಉತ್ತರ ತಿಳಿಯದ ಪ್ರಶ್ನೆಗೆಲ್ಲ ನಾವು ಮೇಷ್ಟ್ರುಗಳು ಕೊಡುವ ಉತ್ತರ ಅದೊಂದೇ.

ಹುಣಸೂರು, ಪಿರಿಯಾಪಟ್ಟಣ, ಹೆಗ್ಗಡದೇವನಕೋಟೆಯ ಕಡೆ ಬಸ್ಸಿನಲ್ಲಿ ಹೋದವರು ಊರೂರಿನಲ್ಲಿ ಎತ್ತರವಾದ, ಕಿಟಕಿಯಿಲ್ಲದ, ಒಂಟಿ ಕೋಣೆಯಂಥ ಕಟ್ಟಡಗಳನ್ನು ನೋಡಿರಬಹುದು. ಹೊಸಬರು ಅದನ್ನು ದವಸದ ಉಗ್ರಾಣ ಎಂದುಕೊಳ್ಳುತ್ತಾರೆ. ಅದು ಬ್ಯಾರನ್. ಸಿಗರೇಟಿಗೆ ಹೋಗುವ ವರ್ಜೀನಿಯಾ ಹೊಗೆಸೊಪ್ಪನ್ನು ಬೇಯಿಸುವ ಮನೆ. ಹೊರಗಡೆ ಒಲೆಯ ಬಾಯಿ. ಒಳಗೆ ನೆಲದ ಮೇಲೆ ದಪ್ಪನೆಯ ತಗಡಿನ ಕೊಳವೆಗಳು. ಮೇಲೆ ಅಂತಸ್ತು ಅಂತಸ್ತಾಗಿ, ಕೋಲುಗಳಿಗೆ ಕಟ್ಟಿದ ಹಸಿ ಎಲೆ. ಬೆಂಕಿ ಹಾಕಿದರೆ ಐದಾರು ದಿನ ಹಗಲೂ ರಾತ್ರಿ ಆರಬಾರದು. ಮೊದಲು ಹಸಿರು ಹೋಗಿ ಅರಿಸಿನದ ಬಣ್ಣ ಬರಬೇಕು, ಆಮೇಲೆ ಆ ಬಣ್ಣ ಎಲೆಯಲ್ಲಿ ನಿಲ್ಲಬೇಕು, ಕೊನೆಗೆ ನಡುವಿನ ದಂಟು ಒಣಗಬೇಕು. ಒಂದು ರಾತ್ರಿ ಕಾಯುವವನು ತೂಕಡಿಸಿ ಕಾವು ಏರುಪೇರಾಯಿತೋ, ಚಿನ್ನದ ಬಣ್ಣ ಬರಬೇಕಾದದ್ದು ಸಗಣಿಯ ಬಣ್ಣಕ್ಕೆ ತಿರುಗುತ್ತದೆ, ಬೆಲೆಯೂ ಹಾಗೇ. ಒಂದು ಕಿಲೋ ಸೊಪ್ಪು ಬೇಯಲು ನಾಲ್ಕೈದು ಕಿಲೋ ಕಟ್ಟಿಗೆ ಬೇಕು. ನಮ್ಮ ಸೀಮೆಯ ಮರಗಳೆಲ್ಲ ಎಲ್ಲಿ ಹೋದವು ಎಂದು ಕೇಳುವವರಿಗೆ ಆ ಒಲೆಯ ಬಾಯಿಯನ್ನು ತೋರಿಸಿದರೆ ಸಾಕು.

ಬ್ಯಾರನ್ನಿಗೆ ಬೆಂಕಿ ಹಾಕುವ ಕಾಲದಲ್ಲಿ ನಮ್ಮ ತರಗತಿಯ ಅರ್ಧ ಬೆಂಚು ಖಾಲಿ. ಬಂದ ಮಕ್ಕಳೂ ರಾತ್ರಿ ಸೊಪ್ಪು ಕಟ್ಟಲು ಕೂತು ಎದ್ದುಬಂದವರು. ಪದ್ಯ ಹೇಳುತ್ತಿದ್ದ ಹಾಗೇ ತಲೆ ವಾಲುತ್ತದೆ. ಕೈ ನೋಡಿದರೆ ಸೋಪಿಗೂ ಜಗ್ಗದ ಕಪ್ಪು ಅಂಟು. ಆ ಅಂಟಿನ ಕೈಯಲ್ಲಿ ಊಟ ಮಾಡಿದರೆ ಅನ್ನವೂ ಕಹಿ, ಬೆಲ್ಲವೂ ಕಹಿ. ನಾನು ಅವರನ್ನು ಬೈದಿಲ್ಲ. ಬೈಯುವ ಬಾಯಿ ನನಗಿಲ್ಲ. ಯಾಕೆಂದರೆ ನನ್ನ ಬಿ.ಎಡ್. ಫೀಸು ಬಂದದ್ದು ಆ ಅಂಟಿನಿಂದಲೇ.

ನಮ್ಮದು ಹುಣಸೂರು ತಾಲ್ಲೂಕಿನ ಒಂದು ಹಳ್ಳಿ. ಮಳೆ ನಂಬಿದ ಕೆಂಪು ಹೊಲ. ರಾಗಿ, ಹುರುಳಿ, ಅವರೆ. ತಂಬಾಕು ಮಂಡಳಿ ಹುಟ್ಟಿದ್ದು 1976ರಲ್ಲಿ, ಅದು ನಮ್ಮ ರಾಜ್ಯದಲ್ಲಿ ಹರಾಜು ಶುರುಮಾಡಿದ್ದು 1984ರಲ್ಲಿ. ಅದಕ್ಕೆ ಮೊದಲು ಸೊಪ್ಪು ಕೊಳ್ಳುವವನು ಹೇಳಿದ್ದೇ ಬೆಲೆ, ಕೊಟ್ಟ ದಿನವೇ ದುಡ್ಡು. ಹರಾಜು ಬಂದ ಮೇಲೆ ಅಣ್ಣ ಧೈರ್ಯ ಮಾಡಿ ಬ್ಯಾರನ್ ಕಟ್ಟಿಸಿದ. ಅಪ್ಪ ಒಂದು ತಿಂಗಳು ಅವನ ಹತ್ತಿರ ಮಾತಾಡಲಿಲ್ಲ, "ತಿನ್ನಾಕಾಗ್ದೆ ಇರೋ ಬೆಳೆ ಬೆಳ್ದು ಏನ್ ಬದ್ಕೀಯೆ" ಎಂದು. ಎರಡನೆಯ ವರ್ಷ ಮನೆಗೆ ಹೆಂಚು ಬಂತು. ಆಮೇಲೆ ನಾನು ಬಿ.ಎ. ಓದಿದೆ, ಮೈಸೂರಿನಲ್ಲಿ ಹಾಸ್ಟೆಲ್ಲಿನಲ್ಲಿದ್ದು ಬಿ.ಎಡ್. ಮಾಡಿದೆ. ಊರಿನಲ್ಲಿ ಮೊದಲ ಹೆಣ್ಣು. ಅಣ್ಣ ಹಾಸ್ಟೆಲ್ಲಿಗೆ ದುಡ್ಡು ಕೊಡಲು ಬಂದಾಗ ಅವನ ಅಂಗಿಯಿಂದ ಬರುತ್ತಿದ್ದ ಆ ಸಿಹಿಗಮಟು ವಾಸನೆಗೆ ಗೆಳತಿಯರು ಮೂಗು ಮುಚ್ಚಿದ್ದು ನನಗೆ ಇನ್ನೂ ನೆನಪಿದೆ. ನಾನೂ ನಾಚಿಕೊಂಡಿದ್ದೆ. ಅದೂ ನೆನಪಿದೆ.

ಅಣ್ಣ ಒಂದು ದಿನಕ್ಕೂ ಬೀಡಿ ಸಿಗರೇಟು ಮುಟ್ಟಿದವನಲ್ಲ. ಆದರೆ ಅವ್ವನಿಗೆ ಎಲೆಯಡಿಕೆಯ ಜೊತೆ ಕಡ್ಡಿಪುಡಿ ಬೇಕು. ನಮ್ಮ ಕಡೆ ಹೆಂಗಸರಲ್ಲಿ ಅದೇನೂ ವಿಶೇಷವಲ್ಲ. ಹೊಲಕ್ಕೆ ಹೋಗುವಾಗ ಸೊಂಟಕ್ಕೆ ಚೀಲ ಸಿಕ್ಕಿಸುವುದು, ಹಸಿವಾದಾಗ ಕೆನ್ನೆಗೆ ಒತ್ತಿಕೊಳ್ಳುವುದು. ಮನೆಯ ಸೊಪ್ಪು ಅದಕ್ಕೆ ಆಗುವುದಿಲ್ಲ, ಅದು ಅಂಗಡಿಯಿಂದ ತರುವ ಬೇರೆ ಜಾತಿ. ಬಲಗೆನ್ನೆಯ ಒಳಗೆ ಒಂದು ಬಿಳಿ ಮಚ್ಚೆ ಕಂಡಿತು. ಉಷ್ಣ ಎಂದರು, ಸೊಪ್ಪಿನ ಸಾರು ಮಾಡಿಕೊಟ್ಟೆವು. ಬೆಂಗಳೂರಿನ ಕಿದ್ವಾಯಿ ಆಸ್ಪತ್ರೆಗೆ ಕರೆದುಕೊಂಡು ಹೋಗುವಷ್ಟರಲ್ಲಿ ಕೆನ್ನೆ ತೂತಾಗಿತ್ತು. 1998ರಲ್ಲಿ ಹೋದಳು. ಕೊನೆಕೊನೆಗೆ ಗಂಜಿ ಕುಡಿಸಿದರೆ ಕೆನ್ನೆಯಿಂದ ಹೊರಗೆ ಬರುತ್ತಿತ್ತು. ಅಷ್ಟು ಹೇಳಿದರೆ ಸಾಕು. ಆಸ್ಪತ್ರೆಯ ಖರ್ಚೂ ಬ್ಯಾರನ್ನಿನ ದುಡ್ಡೇ.

2016ರ ಅಕ್ಟೋಬರಿನಲ್ಲಿ ಒಂದು ಭಾನುವಾರ ಅಣ್ಣ ನಮ್ಮ ಮನೆಗೆ ಬಂದ. ಜೊತೆಯಲ್ಲಿ ನನ್ನ ಸೋದರಳಿಯ, ಊರಿನ ಇನ್ನು ಮೂವರು. ಕಾಫಿ ಕುಡಿದ ಮೇಲೆ ಅಣ್ಣ ಮೆಲ್ಲಗೆ ಹೇಳಿದ: "ಅಮ್ಮಿ, ಒಂದು ಮನವಿ ಬರೀಬೇಕು ಕನ. ಬುಧವಾರ ತಾಲ್ಲೂಕಾಫೀಸ್ ಮುಂದೆ ಕೂತ್ಕತೀವಿ. ನಿನ್ನಂಗೆ ಬರೆಯೋರು ನಮ್ಮಲ್ಲಿಲ್ಲ."

ಆ ವರ್ಷ ಏಪ್ರಿಲಿನಿಂದ ಸಿಗರೇಟು, ಬೀಡಿ, ಜಗಿಯುವ ಹೊಗೆಸೊಪ್ಪು ಎಲ್ಲದರ ಪೊಟ್ಟಣದ ಎರಡೂ ಬದಿ ಶೇಕಡಾ 85 ಭಾಗ ರೋಗದ ಚಿತ್ರ ಇರಬೇಕೆಂದು ಆಗಿತ್ತು. ಅದಕ್ಕೆ ಮೊದಲು ಒಂದು ಬದಿಯಲ್ಲಿ ಶೇಕಡಾ 40 ಇತ್ತು. ನವೆಂಬರಿನಲ್ಲಿ ದೆಹಲಿಯ ಹತ್ತಿರ ಗ್ರೇಟರ್ ನೋಯ್ಡಾದಲ್ಲಿ ತಂಬಾಕು ನಿಯಂತ್ರಣದ ಬಗ್ಗೆ ಲೋಕದ ದೇಶಗಳೆಲ್ಲ ಸೇರುವ ಸಮ್ಮೇಳನ ಇತ್ತು. ಅಲ್ಲಿ ಏನಾದರೂ ಸಹಿ ಮಾಡಿ ಬೆಳೆಯನ್ನೇ ನಿಲ್ಲಿಸಿಬಿಡುತ್ತಾರೆ ಎಂಬ ಸುದ್ದಿ ಹಳ್ಳಿಹಳ್ಳಿಯಲ್ಲಿ ಹಬ್ಬಿತ್ತು. ಇವೆಲ್ಲದರ ಕೆಳಗೆ ಹಳೆಯ ನೋವು ಒಂದಿತ್ತು, ಕಾರ್ಡಿನದು. ಮಂಡಳಿ ಪ್ರತಿ ವರ್ಷ ರಾಜ್ಯಕ್ಕೆ ಇಷ್ಟೇ ಬೆಳೆ ಎಂದು ಗೊತ್ತು ಮಾಡುತ್ತದೆ. ಕಾರ್ಡು ಇದ್ದವರು ಬೆಳೆಯಬಹುದು, ಅದೂ ಬ್ಯಾರನ್ನಿಗೆ ಇಷ್ಟೇ ಕಿಲೋ. ಅಣ್ಣನಿಗೆ ಆ ಕಾಲದ ಕಾರ್ಡಿದೆ. ಮನೆ ಪಾಲಾಯಿತು, ಹೊಲ ಎರಡಾಯಿತು, ಕಾರ್ಡು ಎರಡಾಗುತ್ತದೆಯೆ? ಚಿಕ್ಕವನು ಸಾಲ ಮಾಡಿ ಕಾರ್ಡಿಲ್ಲದೆಯೇ ಬ್ಯಾರನ್ ಕಟ್ಟಿಸಿಕೊಂಡ. ಅಂಥವರ ಸೊಪ್ಪನ್ನು ಹರಾಜಿಗೆ ಬಿಡಬೇಕಾದರೆ ಸರ್ಕಾರ ಆ ವರ್ಷ ಒಪ್ಪಬೇಕು, ದಂಡ ಕಟ್ಟಬೇಕು. ಇಲ್ಲವಾದರೆ ಕಾರ್ಡಿದ್ದವನ ಕೈಕಾಲು ಹಿಡಿದು ಅವನ ಹೆಸರಿನಲ್ಲಿ ಮಾರಬೇಕು.

"ರಾಗಿ ಬೆಳೀರಿ, ಜೋಳ ಬೆಳೀರಿ ಅಂತಾರಲ್ಲ" ಎಂದೆ. ಮೇಷ್ಟ್ರ ಬುದ್ಧಿ, ಕೇಳದೆ ಇರಲಾಗಲಿಲ್ಲ.

ಅಣ್ಣ ಕೋಪಿಸಿಕೊಳ್ಳಲಿಲ್ಲ. ಒಂದು ವರ್ಷ ಶುಂಠಿ ಹಾಕಿ ನೋಡಿದ್ದ. ಕೊಳೆರೋಗ ಬಂದು ಮಡಿ ಮಡಿಯೇ ಮಲಗಿತ್ತು. ಇನ್ನೊಂದು ವರ್ಷ ಟೊಮೇಟೊ. ನಾವು ಪೇಟೆಯ ಹೆಂಗಸರು ತರಕಾರಿ ಗಾಡಿಯವನ ಹತ್ತಿರ ಎರಡು ರೂಪಾಯಿಗೆ ಚೌಕಾಸಿ ಮಾಡಿ ಗೆದ್ದೆವೆಂದು ಒಳಗೆ ಬರುತ್ತೇವಲ್ಲ, ಆ ವಾರವೇ ಅವನು ಕೊಯ್ಲಿನ ಕೂಲಿ ಹುಟ್ಟದೆ ಹಣ್ಣನ್ನು ರಸ್ತೆ ಬದಿಗೆ ಸುರಿದು ಬಂದಿದ್ದ. ಹೊಗೆಸೊಪ್ಪಿನಲ್ಲಿ ಹಾಗಲ್ಲ. ಬೇಲ್ ಕಟ್ಟಿ ಹರಾಜು ಕಟ್ಟೆಗೆ ಒಯ್ದರೆ ತೂಕ ಸರಿಯಾಗಿ ಆಗುತ್ತದೆ, ಬೆಲೆ ಎದುರಿಗೇ ಕೂಗುತ್ತಾರೆ, ದುಡ್ಡು ಬ್ಯಾಂಕಿಗೆ ಬರುತ್ತದೆ. ಬೆಲೆ ಬಿದ್ದ ವರ್ಷ ಇಲ್ಲವೆಂದಲ್ಲ, ಕೊಳ್ಳುವವರಿಲ್ಲದೆ ಬೇಲ್ ವಾಪಸು ಬಂದದ್ದೂ ಉಂಟು. ಆದರೂ ಕೊಳ್ಳಲು ಒಂದು ಕಟ್ಟೆ ಇದೆ. "ರಾಗಿಗೂ ಇಂಥ ಕಟ್ಟೆ ಮಾಡ್ಕೊಟ್ಬುಡ್ಲಿ, ನಾನ್ಯಾಕ್ ನಿದ್ದೆಗೆಟ್ಟು ಬೆಂಕಿ ಕಾಯ್ಲಿ?" ಎಂದ ಅಣ್ಣ. ಅವನು ಹೇಳಿದ್ದರಲ್ಲಿ ನನಗೆ ತಪ್ಪು ಹುಡುಕಲು ಆಗಲಿಲ್ಲ.

ನಾನು ಸರ್ಕಾರಿ ನೌಕರಳು. ಧರಣಿಗೆ ಹೋಗುವಂತಿಲ್ಲ, ಮನವಿ ಬರೆದುಕೊಟ್ಟೆನೆಂದು ತಿಳಿದರೂ ಕಾರಣ ಕೇಳಿ ನೋಟೀಸು ಬರಬಹುದು. ನಮ್ಮ ಮನೆಯವರು ಒಳಗಿನಿಂದ ಕೆಮ್ಮಿದರು, ಬೇಡ ಎಂದು. ಆದರೂ ಕಾಗದ ತೆಗೆದುಕೊಂಡು ಕೂತೆ. ಹೆಸರು ಹಾಕಿದರೆ ತಾನೆ.

ಸೋದರಳಿಯ ಹೇಳುತ್ತಾ ಹೋದ. "ಒಂದನೇದು ಬರೀರಿ ಅತ್ತೆ. ಪ್ಯಾಕೆಟ್ ಮೇಲಿನ ಆ ಅಸಹ್ಯ ಚಿತ್ರ ಚಿಕ್ಕದು ಮಾಡ್ಬೇಕು. ಅದ್ನ ನೋಡಿ ಜನ ಕೊಳ್ಳದ್ ಬುಟ್ರೆ ಕಂಪ್ನಿಯೋರು ನಮ್ ಸೊಪ್ಪು ಕೊಳ್ಳಲ್ಲ."

ಪೆನ್ನು ಅಲ್ಲೇ ನಿಂತಿತು. ಹಿಂದಿನ ವಾರವಷ್ಟೇ ನಮ್ಮ ಬೀದಿಯ ಅಂಗಡಿಯಲ್ಲಿ ಜಗಿಯುವ ಹೊಗೆಸೊಪ್ಪಿನ ಪೊಟ್ಟಣದ ಮೇಲೆ ಒಂದು ಬಾಯಿಯ ಚಿತ್ರ ನೋಡಿದ್ದೆ. ಯಾರದೋ ಬಾಯಿ. ಕೊತ್ತಂಬರಿ ಕೊಳ್ಳಲು ಹೋದವಳು ಬರಿಗೈಯಲ್ಲಿ ವಾಪಸು ಬಂದಿದ್ದೆ. ಆ ಹುಡುಗ ಅಜ್ಜಿಯನ್ನು ನೋಡಿದ್ದು ನಾಲ್ಕು ವರ್ಷದವನಿದ್ದಾಗ. ಅವನ ತಪ್ಪಿಲ್ಲ. ಅಣ್ಣನ ಮುಖ ನೋಡಿದೆ. ಅವನು ಕಾಫಿ ಲೋಟದ ತಳ ನೋಡುತ್ತಿದ್ದ.

"ಅವ್ವ ತಿಂದಿದ್ದು ನಾವ್ ಬೆಳ್ದಿದ್ದಲ್ಲ ಕನಮ್ಮಿ" ಎಂದ, ನಾನು ಏನೂ ಕೇಳದೆಯೇ.

"ನಾವು ಬೆಳೆದಿದ್ದನ್ನ ಸೇದಿದವರ ಮನೆಯಲ್ಲೂ ಒಬ್ಬ ತಂಗಿ ಇರ್ತಾಳಲ್ಲ ಅಣ್ಣ" ಎಂದೆ. ಅಂದಮೇಲೆ ಅನ್ನಬಾರದಿತ್ತು ಅನ್ನಿಸಿತು. ಉಳಿದ ಮೂವರು ಗಂಡಸರು ಮಾತಿಲ್ಲದೆ ಚಪ್ಪಲಿ ಕಡೆ ನೋಡಿದರು.

ಒಂದನೆಯದಕ್ಕೆ ನಾಲ್ಕು ಸಾಲು ಜಾಗ ಬಿಟ್ಟು ಎರಡನೆಯದು ಬರೆದೆ. ಕಾರ್ಡಿಲ್ಲದ ಬೆಳೆಗಾರರ ಸೊಪ್ಪನ್ನು ದಂಡವಿಲ್ಲದೆ ಹರಾಜಿನಲ್ಲಿ ಕೊಳ್ಳಬೇಕು. ಮೂರು, ಬೆಳೆಗಾರರನ್ನು ಕೇಳದೆ ಸಮ್ಮೇಳನದಲ್ಲಿ ಯಾವ ಮಾತೂ ಕೊಡಬಾರದು. ನಾಲ್ಕನೆಯದನ್ನು ನಾನೇ ಸೇರಿಸಿದೆ: ಈ ಬೆಳೆ ಬಿಡಬೇಕೆಂಬುದೇ ಸರ್ಕಾರದ ಇಚ್ಛೆಯಾದರೆ, ಬದಲಿ ಬೆಳೆಗೆ ಇದೇ ರೀತಿ ಖರೀದಿಯ ವ್ಯವಸ್ಥೆ ಮಾಡಿ, ಬ್ಯಾರನ್ನಿಗೆ ಪರಿಹಾರ ಕೊಟ್ಟು, ಬಿಡಲು ವರ್ಷಗಳ ಅವಧಿ ಕೊಡಬೇಕು. ಓದಿ ಹೇಳಿದಾಗ ಗದ್ದಲವೇ ಆಯಿತು. ಬಿಡ್ತೀವಿ ಅಂತ ನಾವೇ ಬರೆದುಕೊಟ್ಟರೆ ಬಿಡಿಸಿಯೇ ಬಿಡುತ್ತಾರೆ, ಪರಿಹಾರ ಮಾತ್ರ ಬರುವುದಿಲ್ಲ ಎಂದು ಒಬ್ಬರು. ಆಂಧ್ರದವರಿಗೆ 2000ದಲ್ಲಿ ಒಂದು ವರ್ಷ ಬೆಳೆ ರಜೆ ಕೊಟ್ಟಿದ್ದರಲ್ಲ, ಗೊತ್ತಿಲ್ಲವೆ ಎಂದು ಇನ್ನೊಬ್ಬರು. ರಜೆ ಎಂಬ ಮಾತಿಗೆ ಅಂಥ ಅರ್ಥವೂ ಇದೆ ಎಂದು ನನಗೆ ಅವತ್ತು ತಿಳಿದದ್ದು. ಕೊನೆಗೆ ಅಣ್ಣ "ಇರ್ಲಿ ಬುಡಿ, ಅವ್ಳ್ ಬರ್ದದ್ದು ಇರ್ಲಿ" ಎಂದ ಮೇಲೆ ನಾಲ್ಕನೆಯದು ಉಳಿಯಿತು. ಬಿಟ್ಟ ಜಾಗದಲ್ಲಿ ಒಂದನೆಯದನ್ನು ಸೋದರಳಿಯ ತನ್ನ ಕೈಯಲ್ಲೇ ತುಂಬಿದ. ನಾನು ತಡೆಯಲಿಲ್ಲ. ಒತ್ತಕ್ಷರ ಕೂಡ ತಿದ್ದಲಿಲ್ಲ.

ಮಂಗಳವಾರ ಶಾಲೆ ಬಿಟ್ಟ ಮೇಲೆ ತವರಿಗೆ ಹೋದೆ, ಮನವಿಯ ಒಂದು ಪ್ರತಿ ಕೊಡುವ ನೆಪದಲ್ಲಿ. ಅತ್ತಿಗೆ ಹಜಾರದಲ್ಲಿ ಸೊಪ್ಪಿನ ರಾಶಿಯ ನಡುವೆ ಕೂತು ಬಣ್ಣ ನೋಡಿ ಎಲೆ ಆರಿಸುತ್ತಿದ್ದರು. ಚಿನ್ನದ ಬಣ್ಣದ್ದು ಒಂದು ಕಡೆ, ಕಿತ್ತಳೆ ಒಂದು ಕಡೆ, ಚುಕ್ಕೆ ಬಿದ್ದದ್ದು ಒಂದು ಕಡೆ. ಬೆಳಕಿಗೆ ಎತ್ತಿ ಹಿಡಿಯುವುದು, ಬೆರಳಿನಲ್ಲಿ ಸವರುವುದು, ಒಗೆಯುವುದು. ಸೀರೆ ಅಂಗಡಿಯಲ್ಲಿ ನಾವು ಅಂಚು ನೋಡುತ್ತೇವಲ್ಲ, ಹಾಗೆ. ಸಸಿಮಡಿಗೆ ನೀರು ಹಾಕುವುದರಿಂದ ಹಿಡಿದು ಬೇಲ್ ಕಟ್ಟುವವರೆಗೆ ಈ ಬೆಳೆಯಲ್ಲಿ ಹೆಂಗಸರ ಕೈ ಆಡದ ದಿನವಿಲ್ಲ.

"ನಾಳೆ ನೀವು ಧರಣಿಗೆ ಬರೋದಿಲ್ವಾ ಅತ್ತಿಗೆ?" ಎಂದೆ.

"ನಾವ್ ಬಂದ್ರೆ ಇದ್ನ ಯಾರ್ ಆರ್ಸಾರು? ಶುಕ್ರವಾರ ಬೇಲ್ ಹೋಗ್ಬೇಕು" ಎಂದು ಎಲೆ ಒಗೆದರು. ಸ್ವಲ್ಪ ಹೊತ್ತು ಸುಮ್ಮನಿದ್ದು, ಬಾಗಿಲ ಕಡೆ ನೋಡಿ, ದನಿ ತಗ್ಗಿಸಿದರು. "ನೀನು ಬರ್ದ್ರೆ ಸರ್ಕಾರದೋರು ಓದ್ತಾರಾ?"

"ಓದಬಹುದು."

"ಹಂಗಾರೆ ಇನ್ನೊಂದು ಬರಿ. ಈ ಸೊಪ್ಪು ಬುಡ್ಸಿ ಅಂತ. ಹೆಂಗಸ್ರು ಹೇಳವ್ರೆ ಅಂತ."

ಆಮೇಲೆ ಅವರು ಹೇಳಿದ್ದನ್ನು ಮೂವತ್ತು ವರ್ಷದಲ್ಲಿ ಒಂದು ಸಲವೂ ಅವರ ಬಾಯಿಂದ ಕೇಳಿರಲಿಲ್ಲ. ಮಂಜು ಬಿದ್ದ ಬೆಳಗ್ಗೆ, ಮಳೆ ನಿಂತ ಬೆಳಗ್ಗೆ ಒದ್ದೆ ಎಲೆ ಮುರಿದರೆ ಮಧ್ಯಾಹ್ನಕ್ಕೆ ತಲೆ ಸುತ್ತಿ ವಾಂತಿ. ಎಲೆಯಲ್ಲಿನ ನಿಕೋಟಿನ್ ಆ ನೀರಿನ ಜೊತೆ ಚರ್ಮದೊಳಕ್ಕೆ ಇಳಿಯುವುದರಿಂದ ಹಾಗಾಗುತ್ತದೆ ಎಂದು ನಾನು ಓದಿದ್ದೆ. ಅವರು ಓದಿಲ್ಲ, ಪಿತ್ತ ಎಂದುಕೊಂಡಿದ್ದರು. ಮೊದಲನೆಯ ಬಸುರಿನಲ್ಲಿಯೂ ಎಲೆ ಮುರಿದೆ, ವಾಂತಿ ಯಾವುದರದು ಎಂದು ಯಾರಿಗೆ ಗೊತ್ತಾಗಬೇಕು ಎಂದು ನಕ್ಕರು. ಸೇದದೆ ಇದ್ದರೂ ಸೇದಿದವರ ಕಷ್ಟ. "ಅತ್ತೆಮ್ಮನ್ ಕೆನ್ನೆ ತೊಳ್ದೋಳು ನಾನು. ನೀನು ರಜದಲ್ಲಿ ಬಂದು ಹೋಗ್ತಿದ್ದೆ" ಎಂದರು. ದೂರುವ ಧಾಟಿಯಲ್ಲಿ ಅಲ್ಲ, ಲೆಕ್ಕ ಹೇಳುವ ಧಾಟಿಯಲ್ಲಿ.

"ಬಿಟ್ರೆ ಮನೆ ಹೆಂಗೆ ನಡೀತದೆ ಅತ್ತಿಗೆ?"

"ಅದ್ನೂ ನೀನೇ ಬರಿ. ಓದ್ದೋಳು ನೀನಲ್ವಾ?"

ನಾನು ಬರೆಯಲಿಲ್ಲ. ಮನವಿಯಲ್ಲಿ 'ನಾವು' ಎಂದು ಹದಿನಾರು ಸಲ ಬರೆದಿದ್ದೆ; ಅವತ್ತು ರಾತ್ರಿ ಪ್ರತಿಯನ್ನು ಇಟ್ಟುಕೊಂಡು ಎಣಿಸಿ ನೋಡಿದೆ.

ಬುಧವಾರ ಇನ್ನೂರು ಮುನ್ನೂರು ಜನ ಕೂತಿದ್ದರಂತೆ. ಹಸಿರು ಟವಲು, ಘೋಷಣೆ, ಮಧ್ಯಾಹ್ನ ಚಿತ್ರಾನ್ನ. ಹೆಂಗಸರು ಐದಾರು ಮಂದಿ, ಅವರನ್ನು ಫೋಟೋಕ್ಕೆಂದು ಮುಂದೆ ಕೂರಿಸಿದ್ದರಂತೆ. ಮನವಿ ತೆಗೆದುಕೊಂಡು ಸೀಲು ಒತ್ತಿ ಕೊಟ್ಟರು. ಕಚೇರಿಯ ಗುಮಾಸ್ತ ನನ್ನ ಹಳೆಯ ವಿದ್ಯಾರ್ಥಿ. ಎರಡು ವಾರದ ಮೇಲೆ ಬಸ್ ನಿಲ್ದಾಣದಲ್ಲಿ ಸಿಕ್ಕಿ, ಅತ್ತಿತ್ತ ನೋಡಿ, "ಮೇಡಂ, ಅಕ್ಷರ ನೋಡಿದ ತಕ್ಷಣ ಗೊತ್ತಾಯ್ತು. ಒಂದನೇ ಪಾಯಿಂಟ್ ಮಾತ್ರ ನಿಮ್ಮದಲ್ಲ, ಅಲ್ವಾ? ತುಂಬಾ ತಪ್ಪಿತ್ತು" ಎಂದ. ಹೌದು ಕಣಪ್ಪ ಎಂದೆ. ಯಾರಿಗೂ ಹೇಳುವುದಿಲ್ಲ ಎಂದು ಮಾತು ಕೊಟ್ಟ, ಹೇಳಲೂ ಇಲ್ಲ.

ನವೆಂಬರಿನ ಸಮ್ಮೇಳನ 7ರಿಂದ 12ರವರೆಗೆ ನಡೆಯಿತು. ಬೆಳೆಗಾರರು ಹೊರಗೆ ಪ್ರತಿಭಟಿಸಿದರು. ಅದರ ನಡುವೆಯೇ 8ನೆಯ ತಾರೀಕು ರಾತ್ರಿ 500, 1000ದ ನೋಟುಗಳೆಲ್ಲ ರದ್ದಾಗಿ, ನಮ್ಮೂರಿನಲ್ಲಿ ಕೂಲಿಗೆ ಕೊಡಲು ಚಿಲ್ಲರೆಯಿಲ್ಲದೆ ಎಲ್ಲರೂ ಬ್ಯಾಂಕಿನ ಮುಂದೆ ನಿಂತರು; ಸಮ್ಮೇಳನದ ವಿಷಯ ಕೇಳುವವರೇ ಇರಲಿಲ್ಲ. ಚಿತ್ರದ ನಿಯಮವನ್ನು 2017ರ ಡಿಸೆಂಬರಿನಲ್ಲಿ ಕರ್ನಾಟಕ ಹೈಕೋರ್ಟು ರದ್ದು ಮಾಡಿತು. ಮುಂದಿನ ತಿಂಗಳೇ ಸುಪ್ರೀಂ ಕೋರ್ಟು ಆ ತೀರ್ಪಿಗೆ ತಡೆ ಕೊಟ್ಟಿತು, ಚಿತ್ರ ಉಳಿಯಿತು. ಅಣ್ಣ ಫೋನು ಮಾಡಿ ಆ ಸುದ್ದಿ ಹೇಳಿದಾಗ ಏನನ್ನಬೇಕೋ ತಿಳಿಯದೆ "ಹೂಂ" ಎಂದೆ. ಅವನೂ "ಹೂಂ" ಎಂದ. ಆಮೇಲಿನ ವರ್ಷಗಳಲ್ಲಿ ಬೆಲೆ ಏರಿ ಕಿಲೋಗೆ 200 ರೂಪಾಯಿ ದಾಟಿದಾಗ ಕಾರ್ಡಿಲ್ಲದವರ ಬ್ಯಾರನ್ನುಗಳಿಗೂ ಹೊಸ ಸುಣ್ಣ ಬಂತು.

ಕಳೆದ ವರ್ಷ ಆಗಸ್ಟಿನಲ್ಲಿ ತವರಿಗೆ ಹೋಗಿದ್ದೆ. ರಾತ್ರಿ ಮಳೆ ಬಂದು ನಿಂತಿತ್ತು. ಅತ್ತಿಗೆ ಅಣ್ಣನ ಹಳೆಯ ತುಂಬುತೋಳಿನ ಅಂಗಿ ತೊಟ್ಟು, ಸೊಂಟಕ್ಕೆ ಗೊಬ್ಬರದ ಚೀಲದ ಪ್ಲಾಸ್ಟಿಕ್ ಸುತ್ತಿಕೊಂಡು ಹೊಲದಲ್ಲಿದ್ದರು. ಅದಿಷ್ಟು ನಾನು ಹೇಳಿಕೊಟ್ಟದ್ದು. ಅದರಿಂದ ವಾಂತಿ ಕಡಿಮೆಯಾಗಿದೆಯಂತೆ. ಬುತ್ತಿ ತೆಗೆದುಕೊಂಡು ಹೋದೆ. ಬದುವಿನ ಮೇಲೆ ಕೂತರು, ಎರಡೂ ಕೈ ಮುಂದೆ ಚಾಚಿ ತೋರಿಸಿದರು, ಮೊಣಕೈವರೆಗೆ ಕಪ್ಪು.

"ತಿನ್ನಾಕೆ ಕಹಿ ಕನ. ತೊಳ್ಯಾಕ್ ನೀರು ಆ ತುದೀಲದೆ" ಎಂದರು.

ನಾನೇ ಮುದ್ದೆ ಮುರಿದು ಸಾರಿನಲ್ಲಿ ಅದ್ದಿ ಬಾಯಿಗೆ ಇಟ್ಟೆ. ಎರಡು ತುತ್ತು ನುಂಗಿ, "ಆ ಕಾಗ್ದ ಬರ್ದ್ಯಾ?" ಎಂದು ಕೇಳಿದರು. ಯಾವ ಕಾಗದ ಎಂದು ನಾನು ಕೇಳಲಿಲ್ಲ. ಇನ್ನೊಂದು ತುತ್ತು ಮುರಿದೆ.